ಎಣ್ಣೆಗಿಂತ ಗಾಂಜಾ ವಾಸಿ ಅಂತಾರಲ್ಲ, ನಿಜವಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಗಾಂಜಾ ಬಗ್ಗೆಯೇ ಇವೆ. ಹಾಸ್ಟೆಲ್ ಹುಡುಗರು ಬರೆದಿದ್ದಾರೆ, ತಾಯಂದಿರು ಬರೆದಿದ್ದಾರೆ, ಅಮೆರಿಕದಿಂದಲೂ ಒಂದು ಪತ್ರ ಬಂದಿದೆ. ಹಾಗಾಗಿ ಅಂಕಣ ಪೂರ್ತಿ ಇದಕ್ಕೇ ಮೀಸಲು. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಹಾಸ್ಟೆಲ್‌ಗೆ ಶನಿವಾರ ಆದರೆ ಸೊಪ್ಪು ಬರುತ್ತೆ. ನಾನೂ ಆಗಾಗ ದಮ್ಮು ಎಳೆದಿದ್ದೇನೆ. "ಎಣ್ಣೆ ಹೊಡೆದು ಲಿವರ್ ಹಾಳು ಮಾಡ್ಕೊಳ್ಳೋದಕ್ಕಿಂತ ಇದು ಎಷ್ಟೋ ವಾಸಿ, ಗಿಡದಿಂದ ಬಂದಿದ್ದು, ಗಾಂಜಾ ಸೇದಿ ಯಾರೂ ಸತ್ತಿಲ್ಲ" ಅಂತ ಫ್ರೆಂಡ್ಸ್ ಹೇಳ್ತಾರೆ. ನಿಜ ಏನು ಹೇಳಿ, ಉಪದೇಶ ಬೇಡ.
ಓದುಗ, ಧಾರವಾಡ

ಉತ್ತರ: ಉಪದೇಶ ಮಾಡುವುದಿಲ್ಲ. ನಿಮ್ಮ ಗೆಳೆಯರ ಮಾತಿನಲ್ಲಿ ನಿಜ ಇರುವುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಹೆರಾಯಿನ್ ಜಾಸ್ತಿ ಆದರೆ ಉಸಿರಾಟವೇ ನಿಂತುಹೋಗುತ್ತದೆ. ಎಣ್ಣೆ ಒಂದೇ ಸಲ ವಿಪರೀತ ಆದರೂ ಹಾಗೇ ಆಗಬಹುದು. ಗಾಂಜಾದಲ್ಲಿ ಅಮಲು ಕೊಡುವ ಟಿಎಚ್‌ಸಿ ಕೆಲಸ ಮಾಡುವ ಜಾಗಗಳು, ಉಸಿರಾಟ ನೋಡಿಕೊಳ್ಳುವ ಮೆದುಳಿನ ಬುಡದಲ್ಲಿ ತೀರಾ ಕಡಿಮೆ. ಅದಕ್ಕೇ ದೊಡ್ಡವರು ಬರೀ ಗಾಂಜಾ ಜಾಸ್ತಿ ಸೇದಿ ಉಸಿರು ನಿಂತು ಸಾಯುವುದನ್ನು ನಾವು ಕಾಣುವುದಿಲ್ಲ ಎಂದೇ ಹೇಳಬಹುದು.

ಇನ್ನು ಎಣ್ಣೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರ ಒಂದೇ ವರ್ಷ ಜಗತ್ತಿನಲ್ಲಿ 26 ಲಕ್ಷ ಜನ ಮದ್ಯದಿಂದ ಸತ್ತರು. ಅದು ಕ್ಯಾನ್ಸರ್ ತರುವ ವಸ್ತು ಎಂದು 1988ರಲ್ಲೇ ತೀರ್ಮಾನ ಆಗಿದೆ. ಬ್ರಿಟನ್ನಿನ ಮನೋವೈದ್ಯ ಡೇವಿಡ್ ನಟ್ ಮತ್ತು ಅವರ ಜೊತೆಗಾರರು 2010ರಲ್ಲಿ ಇಪ್ಪತ್ತು ಅಮಲು ಪದಾರ್ಥಗಳಿಗೆ ನೂರಕ್ಕೆ ಇಷ್ಟು ಎಂದು ಹಾನಿಯ ಅಂಕ ಕೊಟ್ಟರು. ಮದ್ಯಕ್ಕೆ 72, ಹೆರಾಯಿನ್‌ಗೆ 55, ತಂಬಾಕಿಗೆ 26, ಗಾಂಜಾಕ್ಕೆ 20. ನಿಮ್ಮ ಫ್ರೆಂಡ್ಸ್ ಇಂಟರ್ನೆಟ್ಟಿನಲ್ಲಿ ನೋಡಿರುವುದು ಬಹುಶಃ ಇದೇ ಪಟ್ಟಿ.

ಆದರೆ ಆ ಪಟ್ಟಿಯನ್ನು ಸರಿಯಾಗಿ ಓದಬೇಕು. ಮದ್ಯದ 72ರಲ್ಲಿ 46 ಅಂಕ ಕುಡಿಯುವವನಿಗೆ ಆಗುವ ಹಾನಿಗಲ್ಲ, ಸುತ್ತಲಿನವರಿಗೆ ಆಗುವ ಹಾನಿಗೆ. ಹೆಂಡತಿ ಮಕ್ಕಳಿಗೆ ಬೀಳುವ ಏಟು, ರಸ್ತೆಯ ಸಾವು, ಮನೆಯ ಸಾಲ, ಎಲ್ಲ ಅದರಲ್ಲಿವೆ. ಅದೂ ಎಲ್ಲ ಕಡೆ ಸಿಗುವ, ತುಂಬಾ ಜನ ಬಳಸುವ ವಸ್ತುವಿನ ಲೆಕ್ಕ. ನಮ್ಮ ದೇಶದಲ್ಲಿ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕಾಗಿ ಮಾಡಿ 2019ರಲ್ಲಿ ಕೊಟ್ಟ ಸಮೀಕ್ಷೆಯ ಪ್ರಕಾರ ಕುಡಿಯುವವರು ಸುಮಾರು 16 ಕೋಟಿ, ಭಂಗಿ, ಗಾಂಜಾ, ಚರಸ್ ಮೂರೂ ಸೇರಿ ಬಳಸುವವರು ಸುಮಾರು 3 ಕೋಟಿ. ಒಟ್ಟು ಸಮಾಜಕ್ಕೆ ಯಾವುದರಿಂದ ಜಾಸ್ತಿ ಹಾನಿ ಎನ್ನುವುದು ಸರ್ಕಾರ ಕೇಳಬೇಕಾದ ಪ್ರಶ್ನೆ. ನೀವು ಕೇಳಬೇಕಾದದ್ದು ಬೇರೆ. ನನ್ನ ವಯಸ್ಸೆಷ್ಟು, ವಾರಕ್ಕೆ ಎಷ್ಟು ಸಲ ಸೇದುತ್ತೇನೆ, ಏನು ಬೆರೆಸಿ ಸೇದುತ್ತೇನೆ, ನಮ್ಮ ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯಾ. ಈ ನಾಲ್ಕಕ್ಕೂ ಆ ಪಟ್ಟಿಯಲ್ಲಿ ಉತ್ತರ ಇಲ್ಲ.

ವಯಸ್ಸು ಯಾಕೆ ಮುಖ್ಯ ಅಂದರೆ, ಮೆದುಳು ಬೆಳೆದು ಮುಗಿಯುವಷ್ಟರಲ್ಲಿ ಸುಮಾರು 25 ಆಗಿರುತ್ತದೆ. ಗಾಂಜಾ ಒಮ್ಮೆಯಾದರೂ ಬಳಸಿದವರಲ್ಲಿ ನೂರಕ್ಕೆ ಸುಮಾರು 9 ಜನಕ್ಕೆ ಅದು ಚಟವಾಗುತ್ತದೆ ಎಂದು ಅಮೆರಿಕದ ಹಳೆಯ ಅಧ್ಯಯನವೊಂದು ಹೇಳಿತು. ಅದೇ ಅಧ್ಯಯನದಲ್ಲಿ ಮದ್ಯಕ್ಕೆ 15, ತಂಬಾಕಿಗೆ 32. ಇಲ್ಲೂ ಗಾಂಜಾ ಕೆಳಗಿದೆ, ಅಲ್ವಾ? ಆದರೆ ಹದಿನಾರು, ಹದಿನೇಳರಲ್ಲಿ ಶುರು ಮಾಡಿದವರನ್ನಷ್ಟೇ ತೆಗೆದುಕೊಂಡರೆ ಸುಮಾರು ಆರು ಜನರಲ್ಲಿ ಒಬ್ಬರಿಗೆ ಚಟ ಹತ್ತುತ್ತದೆ. ದಿನಾ ಸೇದುವವರಲ್ಲಂತೂ ಇನ್ನೂ ಜಾಸ್ತಿ.

ಇನ್ನೊಂದು ವಿಷಯ. ನಮ್ಮಲ್ಲಿ ಬರೀ ಗಾಂಜಾ ಸೇದುವವರು ಕಡಿಮೆ. ಸಿಗರೇಟಿನ ತಂಬಾಕು ಉದುರಿಸಿ, ಸೊಪ್ಪು ಬೆರೆಸಿ, ಮತ್ತೆ ತುಂಬಿ ಸೇದುತ್ತಾರೆ. ಅಂದರೆ ಗಾಂಜಾದ ಜೊತೆಗೆ ನಿಕೋಟಿನ್ ಚಟವೂ ಉಚಿತ. ಗಾಂಜಾ ಬಿಟ್ಟು ವರ್ಷಗಳಾದರೂ ಸಿಗರೇಟು ಬಿಡಲಾಗದೆ ಒದ್ದಾಡುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಹೊಗೆ ಯಾವ ಎಲೆಯದಾದರೂ ಹೊಗೆಯೇ. ಅದರಲ್ಲಿ ಟಾರ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ. ದಿನಾ ಸೇದುವವರಿಗೆ ಕೆಮ್ಮು, ಕಫ ಗಟ್ಟಿ. ಶ್ವಾಸಕೋಶದ ಕ್ಯಾನ್ಸರ್ ವಿಚಾರದಲ್ಲಿ ಮಾತ್ರ ತಂಬಾಕಿನ ಮೇಲೆ ಇರುವಷ್ಟು ಬಲವಾದ ಸಾಕ್ಷಿ ಗಾಂಜಾ ಮೇಲೆ ಇಲ್ಲ. ಅದನ್ನೂ ಮುಚ್ಚಿಡುವುದಿಲ್ಲ.

ಹೃದಯದ ಮಾತು ನಿಮ್ಮ ವಯಸ್ಸಿನವರಿಗೆ ದೂರದ್ದು ಎನಿಸಬಹುದು. ಸೇದಿದ ಕೂಡಲೇ ಎದೆ ಬಡಿತ ಏರುತ್ತದೆ. ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ನಾಲ್ಕೈದು ಪಟ್ಟು ಹೆಚ್ಚುತ್ತದೆ ಎಂದು 2001ರ ಅಧ್ಯಯನವೊಂದರಲ್ಲಿ ಕಂಡಿತು. ಆರೋಗ್ಯವಾಗಿರುವ ಇಪ್ಪತ್ತರ ಹುಡುಗನಿಗೆ ಆ ಅಪಾಯ ಮೊದಲೇ ಬಹಳ ಸಣ್ಣದು, ಐದು ಪಟ್ಟಾದರೂ ಸಣ್ಣದೇ. ಬಿಪಿ, ಶುಗರ್ ಇರುವ ಐವತ್ತರ ಮನುಷ್ಯನಿಗೆ ಹಾಗಲ್ಲ.

"ಗಿಡದಿಂದ ಬಂದಿದ್ದು" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಹೊಗೆಸೊಪ್ಪೂ ಗಿಡ, ಅಫೀಮೂ ಗಿಡ, ಉಮ್ಮತ್ತಿಯೂ ಗಿಡ.

ಎಣ್ಣೆ ಹೊಡೆದು ಮೇಲೆ ದಮ್ಮು ಎಳೆಯುವುದು, ಆಮೇಲೆ ಬೈಕ್ ಹತ್ತುವುದು, ಇದು ಹಾಸ್ಟೆಲ್‌ಗಳಲ್ಲಿ ಸಾಮಾನ್ಯ. ಎಣ್ಣೆ ಹೊಟ್ಟೆಯಲ್ಲಿದ್ದರೆ ಟಿಎಚ್‌ಸಿ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. ಎರಡೂ ಸೇರಿದಾಗ ಕಣ್ಣು, ಕೈ, ಬ್ರೇಕಿನ ಲೆಕ್ಕ ಪೂರ್ತಿ ತಪ್ಪುತ್ತದೆ. ಗಾಂಜಾ ಸೇದಿ ಯಾರೂ ಸತ್ತಿಲ್ಲ ಎನ್ನುವವರು ಈ ಸಾವುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವು ಬೇರೇನೂ ಬಿಡದಿದ್ದರೂ ಸೇದಿದ ರಾತ್ರಿ ಬೈಕಿನ ಕೀ ಬೇರೆಯವರ ಕೈಗೆ ಕೊಡಿ.

ಪ್ರಶ್ನೆ: ನನ್ನ ಮಗನಿಗೆ 17, ಸೆಕೆಂಡ್ ಪಿಯುಸಿ. ಮೂರು ತಿಂಗಳಿಂದ ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾನೆ. ರಾತ್ರಿ ನಿದ್ದೆ ಇಲ್ಲ. ಒಬ್ಬನೇ ನಗುತ್ತಾನೆ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡ್ತಾರೆ, ಫೋನಿನಲ್ಲಿ ಯಾರೋ ನೋಡ್ತಿದ್ದಾರೆ ಅಂತ ಕ್ಯಾಮೆರಾಕ್ಕೆ ಟೇಪ್ ಅಂಟಿಸಿದ್ದಾನೆ. ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ನಮ್ಮೆಜಮಾನರು "ನಾವೂ ಕಾಲೇಜಲ್ಲಿ ಸೇದಿದ್ವಿ, ಏನಾಯ್ತು? ವಯಸ್ಸಿನ ಆಟ, ಬಿಡು" ಅಂತಾರೆ. ನನ್ನ ಸ್ವಂತ ತಮ್ಮನಿಗೆ ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ನನಗೆ ಭಯ.
ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಭಯ ಸರಿಯಾಗಿದೆ. ಇದು ವಯಸ್ಸಿನ ಆಟ ಅಲ್ಲ. ಈ ಪತ್ರಿಕೆ ನಿಮ್ಮ ಕೈಗೆ ಬಂದ ವಾರದಲ್ಲೇ ಮಗನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪರೀಕ್ಷೆ ಮುಗಿಯಲಿ, ರಜೆ ಬರಲಿ ಅಂತ ಕಾಯಬೇಡಿ. ನಿದ್ದೆ ಇಲ್ಲದಿರುವುದು, ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂಬ ಗಟ್ಟಿ ನಂಬಿಕೆ, ಒಬ್ಬನೇ ನಗುವುದು, ಇವು ಸೈಕೋಸಿಸ್‌ನ, ಅಂದರೆ ನಿಜ ಯಾವುದು, ಭ್ರಮೆ ಯಾವುದು ಎಂದು ತಿಳಿಯದಾಗುವ ಸ್ಥಿತಿಯ ಲಕ್ಷಣ ಇರಬಹುದು. ಪತ್ರ ಓದಿ ಕಾಯಿಲೆ ಹೇಳಲು ಆಗದು, ಎದುರು ಕೂರಿಸಿ ನೋಡಲೇಬೇಕು. ಅವನು ಸಾಯುವ ಮಾತಾಡಿದರೆ, ಯಾರ ಮೇಲಾದರೂ ಕೈ ಎತ್ತಿದರೆ, ಊಟ ನೀರು ಬಿಟ್ಟರೆ, ವಾರವೂ ಬೇಡ, ಅವತ್ತೇ ಹೋಗಿ.

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಸರ್, ನೀವು ಕಾಲೇಜಿನಲ್ಲಿ ಸೇದಿದ್ದು ಬೇರೆ, ಇವತ್ತಿನ ಮಾಲು ಬೇರೆ ಇರಬಹುದು. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸುಮಾರು 4 ಪರ್ಸೆಂಟ್ ಇತ್ತು, 2014ಕ್ಕೆ 12 ಆಯಿತು. ಹೈಡ್ರೊ ಗಾಂಜಾ ಎನ್ನುವುದು, ಮಣ್ಣಿಲ್ಲದೆ ಲೈಟಿನಡಿ ಬೆಳೆಸಿ ಬ್ಯಾಂಕಾಕ್ ಕಡೆಯಿಂದ ತಂದು ಬೆಂಗಳೂರು ಏರ್‌ಪೋರ್ಟಿನಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತದಲ್ಲ, ಅದು ಇನ್ನೂ ಜೋರು. ಜೊತೆಗೆ ನೀವು ಯಾವಾಗಲೋ ಒಮ್ಮೆ ಸೇದಿದಿರಿ. ನಿಮ್ಮ ಮಗ ದಿನಾ ಸೇದುತ್ತಿರಬಹುದು. ಅವನ ಮೈಯಲ್ಲಿ ಅವನ ಸೋದರಮಾವನ ರಕ್ತವೂ ಇದೆ.

ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45 ಸಾವಿರಕ್ಕೂ ಜಾಸ್ತಿ ಹುಡುಗರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಒಂದು ಅಧ್ಯಯನ ಬಂತು. ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಿಗೆ ಸ್ಕಿಜೋಫ್ರೀನಿಯಾ ಬರುವ ಸಂಭವ, ಮುಟ್ಟದವರಿಗಿಂತ ಆರು ಪಟ್ಟು. ಯುರೋಪಿನ ಹಲವು ಊರುಗಳಲ್ಲಿ ಮಾಡಿ 2019ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ದಿನಾ ಬಳಸುವವರಿಗೆ ಸೈಕೋಸಿಸ್ ಸಂಭವ ಮೂರು ಪಟ್ಟು, ದಿನಾ ಜೋರು ಮಾಲು ಬಳಸುವವರಿಗೆ ಸುಮಾರು ಐದು ಪಟ್ಟು. ಗಾಂಜಾ ಸೇದಿದವರಿಗೆಲ್ಲ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಹೆಚ್ಚಿನವರಿಗೆ ಆಗುವುದಿಲ್ಲ. ಆದರೆ ಮನೆತನದಲ್ಲಿ ಈ ಕಾಯಿಲೆ ಇದ್ದು, ಎಳೆಯ ವಯಸ್ಸಿನಲ್ಲಿ ಶುರು ಮಾಡಿ, ದಿನಾ ಸೇದುವವರು ಯಾರೋ, ಅವರ ಪಾಲಿಗೆ ಗಾಂಜಾ ಎಣ್ಣೆಗಿಂತ ವಾಸಿ ಎನ್ನುವ ಮಾತು ಹಸೀ ಸುಳ್ಳು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ತಯಾರು. ಯಾಕೆಂದರೆ ತಡವಾಗಿ ಬರುವ ಮಕ್ಕಳನ್ನು ನೋಡಿ ನೋಡಿ ಸಂಕಟವಾಗುತ್ತದೆ. ಮೊದಲ ಸಲ ಕಾಣಿಸಿಕೊಂಡ ಕೂಡಲೇ ಔಷಧಿ ಶುರುವಾದರೆ ಹುಡುಗ ಕಾಲೇಜಿಗೆ ವಾಪಸು ಹೋಗುವ ಸಾಧ್ಯತೆ ಚೆನ್ನಾಗಿರುತ್ತದೆ. ವರ್ಷ ಕಳೆದು ಬಂದರೆ ನಮ್ಮ ಕೆಲಸವೂ ಕಷ್ಟ, ಅವನ ಬದುಕೂ ಕಷ್ಟ.

ಮನೆಯಲ್ಲಿ ಈಗ ಏನು ಮಾಡಬೇಕು? ಹೊಡೆಯಬೇಡಿ. "ಯಾರೂ ನೋಡ್ತಿಲ್ಲ ಕಣೋ, ಹುಚ್ಚಾ ನಿಂಗೆ" ಅಂತ ವಾದಕ್ಕೆ ಇಳಿಯಬೇಡಿ, ಅವನಿಗೆ ಅದು ನಿಜವೇ. "ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ತೋರಿಸೋಣ ಬಾ" ಅಂದರೆ ಬರಬಹುದು. ಗಾಂಜಾ ಎಷ್ಟು, ಎಷ್ಟು ದಿನದಿಂದ ಎನ್ನುವುದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ನಿಮ್ಮ ತಮ್ಮನ ವಿಷಯವನ್ನೂ ಹೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೂ ಬರುವ ವ್ಯವಸ್ಥೆ ಇದೆ, ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ನಿಮಗೆ ದೂರವೇನಲ್ಲ. ಯಾರೋ ಹೇಳಿದರು ಅಂತ ಕೂಡಿಹಾಕಿ ಹೊಡೆದು ಚಟ ಬಿಡಿಸುವ ಜಾಗಕ್ಕೆ ಮಾತ್ರ ಸೇರಿಸಬೇಡಿ. ದೇವರ ಹರಕೆ ಇದ್ದರೆ ಅದೂ ಆಗಲಿ, ಮಾತ್ರೆ ತಪ್ಪಬಾರದು ಅಷ್ಟೇ.

ಪ್ರಶ್ನೆ: ನಮ್ಮ ಅಜ್ಜ ಭಜನೆಗೆ ಕುಂತಾಗ ಚಿಲುಮಿ ಸೇದ್ತಿದ್ದ. ಎಂಬತ್ತು ದಾಟಿ ಬಾಳಿದ, ಹೊಲದಾಗ ಕೆಲಸಾನೂ ಮಾಡ್ದ. ಈಗಿನ ಡಾಕ್ಟರು ಸುಮ್ನೆ ಅಂಜಸ್ತೀರಿ ಅನಿಸ್ತದ.
ಓದುಗ, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಅಜ್ಜನ ಬಗ್ಗೆ ನನಗೆ ಗೌರವ ಇದೆ. ಸಾಧುಗಳ, ಭಜನಾ ಮೇಳಗಳ ನಡುವೆ ಇದು ಹಿಂದಿನಿಂದ ಬಂದದ್ದು, ಗೊತ್ತು. ಬ್ರಿಟಿಷರು 1893ರಲ್ಲಿ ಇದಕ್ಕೆಂದೇ ಒಂದು ಆಯೋಗ ಮಾಡಿ ದೇಶದ ತುಂಬಾ ಸಾಕ್ಷಿ ಕೇಳಿದ್ದರು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ ಎಂದೇ ಅದು ವರದಿ ಕೊಟ್ಟಿತು. ಅಜ್ಜ ಸೇದಿದ್ದು ಬೀಜ ತುಂಬಿದ ನಾಟಿ ಸೊಪ್ಪು, ದೊಡ್ಡ ವಯಸ್ಸಿನಲ್ಲಿ, ಭಜನೆಗೆ ಕೂತ ದಿನ, ಹತ್ತು ಜನರ ನಡುವೆ. ನಿಮ್ಮ ಮೊಮ್ಮಕ್ಕಳ ವಯಸ್ಸಿನ ಹುಡುಗ ರೂಮಿನಲ್ಲಿ ಒಬ್ಬನೇ ಬೆಳಿಗ್ಗೆ ಎದ್ದ ಕೂಡಲೇ ಹಚ್ಚಿಕೊಳ್ಳುವುದು ಬೇರೆಯೇ ಕತೆ. ಇನ್ನೊಂದು, ಬದುಕಿ ಬಾಳಿದವರ ಕತೆ ಮನೆಯಲ್ಲಿ ಉಳಿಯುತ್ತದೆ. ಹಾಳಾದವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಪ್ರಶ್ನೆ: ವಯಸ್ಸು 26, ಸಾಫ್ಟ್‌ವೇರ್ ಕೆಲಸ. ವರ್ಷದಿಂದ ತಿಂಗಳಿಗೊಮ್ಮೆ ಎರಡು ಮೂರು ದಿನ ಭಯಂಕರ ವಾಂತಿ, ಹೊಟ್ಟೆನೋವು. ಬಿಸಿನೀರಿನ ಶವರ್ ಕೆಳಗೆ ನಿಂತರೆ ಮಾತ್ರ ಆರಾಮ, ಗಂಟೆಗಟ್ಟಲೆ ನಿಲ್ಲುತ್ತೇನೆ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದಾರೆ. ದಿನಾ ಗಾಂಜಾ ಸೇದುತ್ತೇನೆ, ಡಾಕ್ಟರಿಗೆ ಹೇಳಿಲ್ಲ. ಸಂಬಂಧ ಇದೆಯಾ?
ಓದುಗ, ಬೆಂಗಳೂರು

ಉತ್ತರ: ಇರುವ ಸಾಧ್ಯತೆ ತುಂಬಾ ಇದೆ. ಆ ಬಿಸಿನೀರಿನ ಮಾತೇ ದೊಡ್ಡ ಸುಳಿವು. 2004ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಕಡೆಯ ವೈದ್ಯರು ಇಂಥ ರೋಗಿಗಳ ಬಗ್ಗೆ ಮೊದಲು ಬರೆದರು. ವರ್ಷಗಟ್ಟಲೆ ದಿನಾ ಸೇದಿದವರು, ಆಗಾಗ ಬಿಡದೆ ವಾಂತಿ, ಬಿಸಿನೀರು ಹಾಕಿಕೊಂಡರೆ ಸಮಾಧಾನ, ಗಾಂಜಾ ನಿಲ್ಲಿಸಿದರೆ ಪೂರ್ತಿ ವಾಸಿ, ಮತ್ತೆ ಹಿಡಿದರೆ ಮತ್ತೆ ವಾಂತಿ. ಇದರಲ್ಲಿ ವಿಚಿತ್ರ ಏನೆಂದರೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲು ಟಿಎಚ್‌ಸಿಯ ಔಷಧಿಯನ್ನೇ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಅದೇ ವಸ್ತು ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಹೋದರೆ ಕೆಲವರಲ್ಲಿ ಉಲ್ಟಾ ಹೊಡೆಯುತ್ತದೆ. ಹಾಗಾಗಿ ವಾಂತಿ ಬಂದಾಗ ಇನ್ನೊಂದು ಜಾಯಿಂಟ್ ಹಚ್ಚಿ ಸರಿಮಾಡಿಕೊಳ್ಳುವ ಪ್ರಯತ್ನ ಬೇಡವೇ ಬೇಡ.

ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಎರಡು ಮೂರು ದಿನ ವಾಂತಿಯಾದರೆ ಮೈಯಲ್ಲಿ ನೀರು, ಪೊಟ್ಯಾಸಿಯಂ ಇಳಿದು ಕಿಡ್ನಿಗೆ, ಹೃದಯಕ್ಕೆ ಪೆಟ್ಟು ಬೀಳಬಹುದು. ಮುಂದಿನ ಸಲ ಬಂದರೆ ಶವರ್ ಬಿಟ್ಟು ಆಸ್ಪತ್ರೆಗೆ ಹೋಗಿ, ಡ್ರಿಪ್ ಹಾಕಿಸಿಕೊಳ್ಳಿ. ಸೇದುವ ವಿಷಯ ಡಾಕ್ಟರಿಗೆ ಹೇಳಿ. ನೀವು ಹೇಳದೆ ಇದ್ದರೆ ಅವರು ಮತ್ತೊಂದು ಸ್ಕ್ಯಾನ್ ಬರೆಯುತ್ತಾರೆ, ಅವರ ತಪ್ಪೂ ಅಲ್ಲ. ಇದಕ್ಕೆ ನಿಜವಾದ ಔಷಧಿ ಪೂರ್ತಿ ನಿಲ್ಲಿಸುವುದೊಂದೇ. ಕಡಿಮೆ ಮಾಡಿದರೆ ಸಾಲದು. ನಿಲ್ಲಿಸಿದ ಮೇಲೂ ಸರಿಹೋಗಲು ಕೆಲವು ವಾರ ಬೇಕಾಗಬಹುದು.

ಪ್ರಶ್ನೆ: ನನಗೆ 44. ದಿನಾ ಹಾಫ್ ಬಾಟ್ಲಿ ಬೇಕು. ಬೆಳಿಗ್ಗೆ ಕೈ ನಡುಗುತ್ತೆ, ಒಂದು ಪೆಗ್ ಹಾಕಿದರೆ ನಿಲ್ಲುತ್ತೆ. ನಮ್ಮ ಸ್ನೇಹಿತ ಒಬ್ಬ, "ಎಣ್ಣೆ ಒಂದೇ ಸಲಕ್ಕೆ ನಿಲ್ಲಿಸು, ರಾತ್ರಿ ಸ್ವಲ್ಪ ಗಾಂಜಾ ಸೇದಿ ಮಲಗು, ಲಿವರ್ ಉಳಿಯುತ್ತೆ" ಅಂದ. ಮಾಡಬಹುದಾ? ನನ್ನ ಹೆಂಡತಿ ಯಾವುದೋ ಪುಡಿ ತಂದು ಸಾರಿಗೆ ಹಾಕ್ತೀನಿ ಅಂತಾಳೆ.
ಓದುಗ, ಹಾಸನ ಜಿಲ್ಲೆ

ಉತ್ತರ: ಬಿಡಬೇಕು ಅನ್ನಿಸಿದೆಯಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆದರೆ ಸ್ನೇಹಿತರು ಹೇಳಿದ ಹಾಗೆ ಮಾಡಬೇಡಿ. ಮನೆಯಲ್ಲಿ ಒಂದೇ ಸಲಕ್ಕೆ ನಿಲ್ಲಿಸುವುದು ನಿಮಗೆ ಅಪಾಯ.

ಎಣ್ಣೆಗೂ ಗಾಂಜಾಕ್ಕೂ ನಿಜವಾಗಿ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ, ಬಿಡುವಾಗ. ದಿನಾ ಗಾಂಜಾ ಸೇದುವವರು ಬಿಟ್ಟರೆ ನಿದ್ದೆ ಬರುವುದಿಲ್ಲ, ಸಿಡಿಮಿಡಿ, ಊಟ ಸೇರುವುದಿಲ್ಲ, ಕೆಟ್ಟ ಕನಸು. ಮೊದಲ ವಾರ ಜೋರಾಗಿದ್ದು ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಹಿಂಸೆಯೇ, ಆದರೆ ಅದರಿಂದ ಪ್ರಾಣ ಹೋಗುವುದಿಲ್ಲ. ಎಣ್ಣೆ ಹಾಗಲ್ಲ. ನಿಮ್ಮ ಹಾಗೆ ಬೆಳಿಗ್ಗೆ ಕೈ ನಡುಗುವವರು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಜ್ವರ, ಬೆವರು, ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಎಂಬುದೇ ಗೊತ್ತಾಗದಿರುವುದು ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಅದರಲ್ಲಿ ಸಾಯುವವರಿದ್ದಾರೆ. ಹಬ್ಬಕ್ಕೆ, ಮಾಲೆ ಹಾಕಿಕೊಂಡಾಗ, ಜ್ವರ ಬಂದು ಮಲಗಿದಾಗ ಕುಡಿತ ನಿಂತು ಹೀಗಾಗಿ ಬರುವವರನ್ನು ನಾವು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇವೆ. ಮನೆಯವರು ಗಾಳಿ ಸೋಕಿದೆ ಅಂದುಕೊಂಡಿರುತ್ತಾರೆ. ಗಾಂಜಾ ಈ ಫಿಟ್ಸನ್ನು ತಡೆಯುವುದಿಲ್ಲ.

ಆಸ್ಪತ್ರೆಗೆ ಬನ್ನಿ. ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತೇವೆ, ಥಯಾಮಿನ್ ಎಂಬ ವಿಟಮಿನ್ ಇಂಜೆಕ್ಷನ್ ಕೊಡುತ್ತೇವೆ. ಸುಸ್ತು ಅಂತ ಹೇಳಿ ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ನಿಮ್ಮಂಥವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮೆದುಳಿಗೆ ತೊಂದರೆ ಆಗಬಹುದು, ಅದಕ್ಕೇ ಕುಡಿಯುವ ವಿಷಯ ಮೊದಲೇ ಹೇಳಿ. ಆಮೇಲೆ ಕುಡಿಯುವ ಆಸೆ ತಗ್ಗಿಸುವ ಔಷಧಿಗಳೂ ಇವೆ.

ನಿಮ್ಮ ಹೆಂಡತಿಗೆ ನನ್ನ ವಿನಂತಿ. ತಾಯೀ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಗುಟ್ಟಾಗಿ ಪುಡಿ ಹಾಕಬೇಡಿ. ಅಂಥ ಪುಡಿಗಳಲ್ಲಿ ಡೈಸಲ್ಫಿರಾಂ ಇರಬಹುದು. ಅದು ಮೈಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಬಿಪಿ ಬಿದ್ದು, ಎದೆ ಬಡಿತ ಏರುಪೇರಾಗಿ ಜೀವಕ್ಕೇ ಬರಬಹುದು. ಆ ಔಷಧಿ ಒಳ್ಳೆಯದೇ, ರೋಗಿಗೆ ಹೇಳಿ, ಅವನ ಒಪ್ಪಿಗೆ ಪಡೆದು, ವೈದ್ಯರು ನೋಡಿಕೊಂಡು ಕೊಡಬೇಕಾದದ್ದು.

ಎಣ್ಣೆ ಬದಲು ಗಾಂಜಾ ಎನ್ನುವ ಲೆಕ್ಕ ಕಾಗದದ ಮೇಲೆ ಸರಿ ಕಾಣುತ್ತದೆ. ನಾನು ನೋಡಿದವರಲ್ಲಿ ಜಾಸ್ತಿ ಜನ ಬದಲಾಯಿಸಿಕೊಳ್ಳಲಿಲ್ಲ, ಎರಡನ್ನೂ ಇಟ್ಟುಕೊಂಡರು.

ಪ್ರಶ್ನೆ: ನಮ್ಮ ಹುಡುಗ ಒಳ್ಳೆಯವನು. ಗಾಂಜಾ, ಕುಡಿತ ಯಾವುದೂ ಇಲ್ಲ. ಬರೀ ಗುಟ್ಕಾ. ಅದರಿಂದ ಅಂಥಾ ತೊಂದರೆ ಏನಿಲ್ಲ ಅಲ್ವಾ?
ಓದುಗರು, ದಾವಣಗೆರೆ

ಉತ್ತರ: ಇದೆ, ಬಹಳ ಇದೆ. ಇವತ್ತಿನ ಪತ್ರಗಳಲ್ಲಿ ನನಗೆ ಬೇಜಾರು ತಂದದ್ದು ಈ "ಬರೀ" ಅನ್ನುವ ಮಾತು. ನಮ್ಮ ದೇಶದಲ್ಲಿ ತಂಬಾಕಿನಿಂದ ವರ್ಷಕ್ಕೆ 13 ಲಕ್ಷಕ್ಕೂ ಜಾಸ್ತಿ ಜನ ಸಾಯುತ್ತಾರೆ. ನಮ್ಮ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗಡಿ ಮುಂದೆಯೇ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಡಿಕೆ ಬೆಳೆಯುವ ಸೀಮೆಯವರಿಗೆ ಈ ಮಾತು ಕಹಿ, ಆದರೂ ಹೇಳಲೇಬೇಕು: ತಂಬಾಕಿಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ಈಗಲೇ ಒಂದು ಕೆಲಸ ಮಾಡಿ. ಅವನ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತವಾ ನೋಡಿ. ಹೋಗದಿದ್ದರೆ, ಖಾರ ತಿಂದರೆ ಉರಿ ಇದ್ದರೆ, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ವಾಸಿಯಾಗದ ಹುಣ್ಣಿದ್ದರೆ, ಹಲ್ಲಿನ ಡಾಕ್ಟರ ಹತ್ತಿರ ತಕ್ಷಣ ಹೋಗಿ. ಬಿಡಲು ಸಹಾಯ ಬೇಕಿದ್ದರೆ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800 11 2356. ಆರೋಗ್ಯದ ದೃಷ್ಟಿಯಿಂದ ಮಾತ್ರ ನೋಡಿದರೆ, ಯಾವಾಗಲಾದರೂ ಒಮ್ಮೆ ಗಾಂಜಾ ಸೇದುವ ನಲವತ್ತರ ಮನುಷ್ಯನಿಗಿಂತ ದಿನಾ ಗುಟ್ಕಾ ಜಗಿಯುವ ನಿಮ್ಮ ಒಳ್ಳೆಯ ಹುಡುಗನ ಬಗ್ಗೆಯೇ ನನಗೆ ಜಾಸ್ತಿ ಚಿಂತೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಇಲ್ಲಿ ಗಾಂಜಾ ಕಾನೂನುಬದ್ಧ. ನನ್ನ ಗಂಡ ನಿದ್ದೆಗೆ ಅಂತ ಗಮ್ಮಿ (ಗಾಂಜಾ ಬೆರೆಸಿದ ಮೆತ್ತನೆಯ ಮಿಠಾಯಿ) ತಂದಿಟ್ಟಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ಹೊಗೆ ಇಲ್ಲವಲ್ಲ, ಸೇಫ್ ಅಲ್ವಾ?
ಓದುಗರು, ಸ್ಯಾನ್ ಹೊಸೆ

ಉತ್ತರ: ಹೊಗೆ ಇಲ್ಲ, ಸರಿ. ಆದರೆ ತಿನ್ನುವ ಗಾಂಜಾಕ್ಕೆ ಅದರದೇ ತೊಂದರೆ ಇದೆ. ಸೇದಿದರೆ ನಿಮಿಷಗಳಲ್ಲಿ ಅಮಲು ಗೊತ್ತಾಗುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಅಂತ ಇನ್ನೊಂದು ತಿನ್ನುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಏರಿ ಎದೆ ಬಡಿತ, ಗಾಬರಿ, ಸತ್ತೇಹೋಗುತ್ತೇನೆ ಎಂಬ ಭಯದಿಂದ ಎಮರ್ಜೆನ್ಸಿಗೆ ಓಡುತ್ತಾರೆ. ನಿಮ್ಮಲ್ಲಿ ಒಂದು ಸಲದ ಪ್ರಮಾಣ 10 ಮಿಲಿಗ್ರಾಂ ಟಿಎಚ್‌ಸಿ, ಒಂದು ಪ್ಯಾಕೆಟ್ಟಿನಲ್ಲಿ 100 ಮಿಲಿಗ್ರಾಂವರೆಗೆ ಇರಬಹುದು.

ಮಗುವಿಗೆ ಅದು ಚಾಕೊಲೇಟು, ಅಷ್ಟೇ. ಪ್ಯಾಕೆಟ್ ಸಿಕ್ಕರೆ ಪೂರ್ತಿ ತಿನ್ನುತ್ತದೆ. ದೊಡ್ಡವರ ಉಸಿರಾಟ ನಿಲ್ಲುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಸಣ್ಣ ಮಕ್ಕಳ ವಿಷಯದಲ್ಲಿ ಆ ಧೈರ್ಯ ಬೇಡ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರಾಟದ ತೊಂದರೆ ಬಂದು ಐಸಿಯು ಸೇರುವ ಮಕ್ಕಳಿದ್ದಾರೆ. ಗಮ್ಮಿಯನ್ನು ಮನೆಯಲ್ಲಿ ಇಡದಿರುವುದೇ ಒಳ್ಳೆಯದು. ಇಟ್ಟರೆ ಬೀಗ ಹಾಕಿ, ಎತ್ತರದ ಶೆಲ್ಫ್ ಸಾಲದು. ಮಗು ತಿಂದಿತು ಅನ್ನುವ ಅನುಮಾನ ಬಂದರೆ ನಿಮ್ಮ ಪಾಯಿಸನ್ ಕಂಟ್ರೋಲ್ ನಂಬರ್ 1-800-222-1222, ಮಗು ಏಳದಿದ್ದರೆ ಸೀದಾ 911. ಏನು ತಿಂದಿದೆ ಅಂತ ನಾಚಿಕೆಯಿಲ್ಲದೆ ಹೇಳಿ.

ನಿದ್ದೆಯ ವಿಷಯಕ್ಕೆ ಬಂದರೆ, ಮೊದಮೊದಲು ಬೇಗ ನಿದ್ದೆ ಬರುತ್ತದೆ, ನಿಜ. ದಿನಾ ತಿಂದರೆ ಮೈ ಒಗ್ಗಿಕೊಂಡು ಪ್ರಮಾಣ ಏರಿಸಬೇಕಾಗುತ್ತದೆ, ಬಿಟ್ಟ ದಿನ ನಿದ್ದೆಯೇ ಹಾರಿಹೋಗುತ್ತದೆ. ನೀವು ಬಸುರಿಯಾಗಿದ್ದರೆ, ಮೊಲೆಹಾಲು ಕೊಡುತ್ತಿದ್ದರೆ ಮುಟ್ಟಲೇಬೇಡಿ. ಇನ್ನು ಒಂದು ಮಾತು: ರಾಜ್ಯದಲ್ಲಿ ಕಾನೂನುಬದ್ಧವಾದರೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಈಗಲೂ ಎಲ್ಲರಿಗೂ ಹಾಗಿಲ್ಲ. ವೀಸಾದಲ್ಲಿರುವವರು ವಕೀಲರನ್ನು ಕೇಳಿಕೊಳ್ಳುವುದು ಒಳ್ಳೆಯದು. ಊರಿಗೆ ಬರುವಾಗ ಬ್ಯಾಗಿನಲ್ಲಿ ಒಂದು ಗಮ್ಮಿಯೂ ಇರಬಾರದು.

ಪ್ರಶ್ನೆ: ಗಾಂಜಾ ಬಿಡಬೇಕು ಅಂತಿದ್ದೇನೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳ್ತಾರಾ? ಮನೆಯವರಿಗೆ?
ಓದುಗ, ಮಂಗಳೂರು

ಉತ್ತರ: ಚಿಕಿತ್ಸೆಗೆ ಬಂದ ರೋಗಿಯನ್ನು ನಾವು ಪೊಲೀಸರಿಗೆ ಹಿಡಿದುಕೊಡುವುದಿಲ್ಲ. ಅಮಲು ಪದಾರ್ಥಗಳಿಂದ ಬರುವ ಮಾನಸಿಕ ತೊಂದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಒಳಗೇ ಬರುತ್ತದೆ, ಆ ಕಾಯ್ದೆ ರೋಗಿಯ ಗುಟ್ಟನ್ನು ಕಾಪಾಡಬೇಕು ಎನ್ನುತ್ತದೆ. ನೀವು ವಯಸ್ಸಿಗೆ ಬಂದವರಾದರೆ, ಜೀವಕ್ಕೆ ಅಪಾಯ ಇದ್ದಂಥ ಸಂದರ್ಭ ಬಿಟ್ಟು, ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರಿಗೂ ಹೇಳುವುದಿಲ್ಲ.

ಗಾಂಜಾ ಸೇದುವುದು, ಇಟ್ಟುಕೊಳ್ಳುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಅಪರಾಧ ಎನ್ನುವುದು ನಿಜ. ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲವೇ 10 ಸಾವಿರದವರೆಗೆ ದಂಡ, ಎರಡೂ ಆಗಬಹುದು. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಬಹಳ ಜನಕ್ಕೆ ಗೊತ್ತಿಲ್ಲ. ಸೇದಿದ ಕೇಸು ಇಲ್ಲವೇ ಸ್ವಲ್ಪ ಪ್ರಮಾಣ ಇಟ್ಟುಕೊಂಡ ಕೇಸು ಬಿದ್ದಿರುವ ಚಟಗಾರ ತಾನೇ ಮುಂದೆ ಬಂದು ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅದು ನೆನಪಿರಲಿ. ಮಾರುವವರಿಗೆ ಇದು ಅನ್ವಯಿಸುವುದಿಲ್ಲ.

ಗಾಂಜಾ ಬಿಡಿಸಲೆಂದೇ ಒಪ್ಪಿಗೆ ಪಡೆದ ಮಾತ್ರೆ ಇನ್ನೂ ಬಂದಿಲ್ಲ. ವಾರಕ್ಕೊಮ್ಮೆ ಕೂತು ಮಾತಾಡುವುದು, ಯಾವ ಹೊತ್ತಿಗೆ, ಯಾರ ಜೊತೆ, ಯಾವ ಬೇಜಾರಿಗೆ ಸೇದಬೇಕು ಅನಿಸುತ್ತದೆ ಎಂದು ಹುಡುಕಿ ಅದಕ್ಕೆ ದಾರಿ ಮಾಡುವುದು, ಇದೇ ಚಿಕಿತ್ಸೆ. ಮೊದಲೆರಡು ವಾರದ ನಿದ್ದೆಗೇಡಿಗೆ ಬೇಕಿದ್ದರೆ ಸ್ವಲ್ಪ ದಿನ ಔಷಧಿ ಕೊಡುತ್ತೇವೆ. ತಂಬಾಕು ಬೆರೆಸಿ ಸೇದುತ್ತಿದ್ದರೆ ನಿಕೋಟಿನ್ ಗಮ್ ಇಲ್ಲವೇ ಪ್ಯಾಚ್ ಜೊತೆಗೇ ಶುರು ಮಾಡುವುದು ಒಳ್ಳೆಯದು, ಇಲ್ಲದಿದ್ದರೆ ಸಿಗರೇಟು ಮತ್ತೆ ಅಲ್ಲಿಗೇ ಎಳೆಯುತ್ತದೆ. ಕೆಲಸದ ಕಡೆ ಮೂತ್ರ ಪರೀಕ್ಷೆ ಇದ್ದರೆ, ಬಹುಕಾಲ ದಿನಾ ಸೇದಿದವರಲ್ಲಿ ಬಿಟ್ಟು ತಿಂಗಳಾದರೂ ಪಾಸಿಟಿವ್ ಬರಬಹುದು. ಅದರಿಂದ ಎದೆಗುಂದಬೇಡಿ.

ನೇರ ಆಸ್ಪತ್ರೆಗೆ ಹೋಗಲು ಮುಜುಗರ ಆದರೆ ಮೊದಲು ಫೋನ್ ಮಾಡಿ. ಟೆಲಿ ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸಲೆಂದೇ ಇರುವ ಕೇಂದ್ರ ಸರ್ಕಾರದ ನಂಬರ್ 14446, ನಿಮ್ಮ ಊರಿನ ಹತ್ತಿರ ಎಲ್ಲಿಗೆ ಹೋಗಬೇಕು ಎಂದು ಅವರನ್ನು ಕೇಳಿ. ಹೋಗುವಾಗ ಎಷ್ಟು ಸೇದುತ್ತೀರಿ, ಜೊತೆಗೆ ಇನ್ನೇನು ತೆಗೆದುಕೊಳ್ಳುತ್ತೀರಿ, ಬೇರೆ ಯಾವ ಮಾತ್ರೆ ನುಂಗುತ್ತೀರಿ ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎದುರಿಗೆ ಕೂತಾಗ ಅರ್ಧ ಮರೆತುಹೋಗುತ್ತದೆ.